ಶಾಮಿಯಾನವಿಲ್ಲದ ಸನ್ಮಾನ

ನನ್ನ ಮೂವತ್ತು ವರ್ಷದ ಕಸುಬಿನಲ್ಲಿ, ಶಾಮಿಯಾನ ಬೇಡ ಎಂದು ಹೇಳುವುದಕ್ಕೇ ನನ್ನನ್ನು ಕರೆಸಿದವರು ನಗರಸಭೆ ಅಧ್ಯಕ್ಷ ರುದ್ರಮುನಿ ಒಬ್ಬರೇ. ಬೇಡದಿದ್ದರೆ ಕರೆಸದೆ ಸುಮ್ಮನಿರಬಹುದಿತ್ತು. ಆದರೆ ಅವರಿಗೆ ವೇದಿಕೆ ಬೇಕು, ಕುರ್ಚಿ ಬೇಕು, ಮೈಕು ಬೇಕು, ಕೆಂಪು ಜಮಖಾನ ಬೇಕು. ತಲೆಯ ಮೇಲೆ ಬಟ್ಟೆ ಮಾತ್ರ ಬೇಡ. "ಬಯಲಲ್ಲೇ ಆಗಬೇಕು ರೀ ರಂಗಧಾಮ. ಸಂಜೆ ನಾಲ್ಕೂವರೆಗೆ. ಒಳ್ಳೆ ಬಿಸಿಲಿರುತ್ತೆ. ಇಡೀ ಊರು ಕೂತಿರುತ್ತೆ, ಇಡೀ ಊರಿನ ನೆರಳು ವೇದಿಕೆ ಕಡೆ ತಲೆ ಹಾಕಿ ಮಲಗಿರುತ್ತೆ. ಅದಕ್ಕಿಂತ ದೊಡ್ಡ ಸನ್ಮಾನ ಇನ್ನೇನಿದೆ ಹೇಳಿ?" ಎಂದರು. ಹೇಳುವುದಕ್ಕೆ ನನಗೆ ಬೇಕಾದಷ್ಟಿತ್ತು. ಆದರೆ ಕುರ್ಚಿಯ ಬಾಡಿಗೆಯಾದರೂ ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡು ಬಂದೆ.

ನಮ್ಮೂರಲ್ಲಿ ಮದುವೆಗೆ ಮೊದಲು ಹೆಣ್ಣು ಗೊತ್ತು ಮಾಡುತ್ತಾರೋ ಶಾಮಿಯಾನ ಗೊತ್ತು ಮಾಡುತ್ತಾರೋ ಹೇಳುವುದು ಕಷ್ಟ. ಬೀಗರು ಬಯಲಲ್ಲಿ ಕೂತು ಮಾತಾಡುವ ಹಾಗಿಲ್ಲ. ಗಂಡಿನ ತಂದೆ ತಾನು ಯಾರ ಹಂಗೂ ಇಲ್ಲದೆ ಮೇಲೆ ಬಂದವನು ಎಂದು ಮೀಸೆ ತಿರುವುತ್ತಿರುವಾಗ, ಅವನ ನೆರಳು ಮೂಲೆಯಲ್ಲಿ ಕೂತ ಬಡ ಷಡ್ಡಕನ ಪಾದದ ಕಡೆ ಹೊರಳಿಕೊಂಡು ಬಿದ್ದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಚುನಾವಣೆ ಬಂತೆಂದರೆ ಅಭ್ಯರ್ಥಿಗಳು ಮೂರು ದಾರಿ ಕೂಡುವಲ್ಲಿ ನಿಂತು, ಹಾದು ಹೋಗುವವರ ಮುಖ ನೋಡುವುದಿಲ್ಲ, ನೆಲ ನೋಡುತ್ತಾರೆ. ಎಳೆ ಮಕ್ಕಳ ನೆರಳು ಹನ್ನೆರಡು ವರ್ಷದವರೆಗೆ ತಾಯಿಯ ಕಡೆ ಇರುತ್ತದೆ. ಆಮೇಲೆ ಯಾರು ಏನು ಮಾಡಿಕೊಟ್ಟರೋ ಅವರ ಕಡೆ. ಯಾರ ಉಪಕಾರವೂ ಇಲ್ಲದವರ ನೆರಳು ಮಾತ್ರ ಸೂರ್ಯ ಹೇಳಿದ ಕಡೆ ಬೀಳುತ್ತದೆ. ಅಂಥವರು ನಮ್ಮೂರಲ್ಲಿ ಬೆರಳೆಣಿಕೆಯಷ್ಟು ಇದ್ದರು. ಹೆಚ್ಚಿನವರು ಹೊರಗಿನಿಂದ ವರ್ಗವಾಗಿ ಬಂದ ಅಧಿಕಾರಿಗಳು.

ಉಳಿದ ನೆರಳುಗಳೆಲ್ಲ ಪಾತ್ರೆ ಅಂಗಡಿ ಧರಣೇಂದ್ರಯ್ಯ ಮತ್ತು ಅವರ ಹೆಂಡತಿ ಚಂದ್ರಮತಿಯವರ ಕಡೆಗೇ. ಹೆರಿಗೆ ಆಸ್ಪತ್ರೆ ಅವರದ್ದು, ಹುಡುಗಿಯರ ಹಾಸ್ಟೆಲ್ಲು ಅವರದ್ದು, ಮೂರು ನೀರಿನ ಟ್ಯಾಂಕು, ಪೇಪರ್ ಓದುವ ಕೋಣೆ, ಸ್ಮಶಾನದ ತಗಡಿನ ಸೂರು ಕೂಡ ಅವರದ್ದೇ. ಕಟ್ಟಿಸಿ ಕೈ ತೊಳೆದುಕೊಂಡವರಲ್ಲ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಚಂದ್ರಮತಿಯವರು ವಾರಕ್ಕೆ ಎರಡು ದಿನ ತಾವೇ ಹಾಲು ಕಾಯಿಸಿ, ಒಂದೊಂದು ಲೋಟವನ್ನೂ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ ಕೊಡುತ್ತಿದ್ದರು. ತಾಮ್ರ ಹಿತ್ತಾಳೆ ಮಾರಿ ಬದುಕುವವರ ಆಸ್ಪತ್ರೆಯಲ್ಲಿ ಒಂದು ತಾಮ್ರದ ಚೊಂಬೂ ಇರಲಿಲ್ಲ, ಎಲ್ಲ ಸ್ಟೀಲು. ಅದನ್ನು ನಾವು ಯಾರೂ ಯೋಚಿಸಿದವರಲ್ಲ. ಧರಣೇಂದ್ರಯ್ಯನವರು ಮಧ್ಯಾಹ್ನ ಅಂಗಡಿಯಿಂದ ಮನೆಗೆ ನಡೆದರೆ ಊರಿನ ಅರ್ಧದಷ್ಟು ನೆರಳುಗಳು ನಿಧಾನವಾಗಿ ಅವರ ಜೊತೆಗೆ ತಿರುಗುತ್ತಿದ್ದವು. ನಮ್ಮ ಬೀದಿಯ ಹೆಂಗಸರು ಊಟದ ಹೊತ್ತನ್ನು ಅದರಲ್ಲೇ ತಿಳಿಯುತ್ತಿದ್ದರು.

ಇಬ್ಬರೂ ಹೊರಗೆ ಬಂದರೆ ತಲೆಯ ಮೇಲೆ ದೊಡ್ಡ ಕರೀ ಛತ್ರಿ. ಮೋಡ ಕವಿದಿದ್ದರೂ ಛತ್ರಿ. ಐವತ್ತು ವರ್ಷದಲ್ಲಿ ಎಷ್ಟೋ ಸಂಘದವರು ಸನ್ಮಾನ ಮಾಡುತ್ತೇವೆಂದು ಹೋಗಿ ಬರಿಗೈಲಿ ಬಂದರು. ಊರವರು ಅದನ್ನೆಲ್ಲ ವಿನಯ ಎಂದರು. ನಮ್ಮ ನೆರಳು ತಮ್ಮ ಕಾಲಿಗೆ ಬೀಳುವುದನ್ನು ನೋಡಲಾರದ ದೊಡ್ಡತನ ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಅವ್ವನನ್ನು ಕೇಳದೆ ನನ್ನ ಶಾಲೆ ಫೀಜು ಕಟ್ಟಿದವರು ಅವರು. ನಾನು ಕಸುಬಿಗೆ ಇಳಿದಾಗ ಮೊದಲ ಹತ್ತು ಬಟ್ಟೆ, ನಲವತ್ತು ಬೊಂಬು ಕೊಡಿಸಿದವರೂ ಅವರೇ. ನನ್ನ ನೆರಳೂ ಆ ಕಡೆಗೇ ಇತ್ತು, ಅದರಲ್ಲಿ ನನಗೆ ನಾಚಿಕೆ ಇರಲಿಲ್ಲ.

ನಾಚಿಕೆ ಇದ್ದದ್ದು ನನ್ನ ಅವ್ವನ ವಿಷಯದಲ್ಲಿ. ನನ್ನ ಅವ್ವ ಹನುಮಕ್ಕ. ಊರಲ್ಲಿ ಮಜ್ಜಿಗೆ ಹನುಮಕ್ಕ ಎಂದರೆ ಬೇಗ ಗೊತ್ತಾಗುತ್ತದೆ. ಕೆರೆ ಏರಿ ಒಡೆದು ಕೆಳಗಿನ ಕೇರಿಗಳಿಗೆ ನೀರು ನುಗ್ಗಿದ ವರ್ಷ, ಧರಣೇಂದ್ರಯ್ಯ ದಂಪತಿ ತಮ್ಮ ಗೋದಾಮಿನಲ್ಲಿ ಗಂಜಿ ಕೇಂದ್ರ ತೆರೆದರು. ಅವರಿಗೆ ಆಗ ಹೊಸದಾಗಿ ಮದುವೆಯಾಗಿತ್ತು. ಅಡುಗೆಗೆ ನನ್ನ ಅವ್ವ. ಒಂದು ದಿನ ಒಳಗೆ ತವರದ ಕಲಾಯಿ ಮಾಡಿಸದ ತಾಮ್ರದ ಕೊಪ್ಪರಿಗೆಯಲ್ಲಿ ಹಿಂದಿನ ಸಂಜೆಯೇ ಮಜ್ಜಿಗೆ ಹಾಕಿಟ್ಟು, ಅದು ಕಿಲುಬು ಬಿಟ್ಟು, ಕುಡಿದವರಲ್ಲಿ ನಲವತ್ತು ಮಂದಿ ವಾಂತಿ ಮಾಡಿಕೊಂಡರು. ನೇಕಾರರ ಕೇರಿಯ ಐದು ವರ್ಷದ ನಿಂಗಿ ಎಂಬ ಹುಡುಗಿ ಸತ್ತುಹೋಯಿತು. ಗೋದಾಮಿನ ಮುಂದೆ ಸೇರಿದ ಜನರ ಎದುರು ಅವ್ವ ನಿಂತು, ಕಲಾಯಿ ನೋಡದೆ ಹಾಕಿದವಳು ತಾನೇ ಎಂದು ಒಪ್ಪಿಕೊಂಡಳಂತೆ. ಆಗ ನನಗೆ ಮೂರು ವರ್ಷ. ನಾನು ಕಂಡದ್ದು ಅದರ ನಂತರದ ಊರನ್ನು.

ಆ ಊರಲ್ಲಿ ಅವಳ ಕೈಯ ನೀರು ಕೂಡ ಯಾರೂ ಮುಟ್ಟಲಿಲ್ಲ. ಅವಳು ಮುತ್ತುಗದ ಎಲೆ ಹಚ್ಚಿ ಬದುಕಿದಳು. ಅಡುಗೆ ಬೇಡ, ಅವಳು ಹಚ್ಚಿದ ಎಲೆ ಬೇಕು; ಊರಿನ ನ್ಯಾಯ ಇಷ್ಟು ಚೆನ್ನಾಗಿತ್ತು. ನನ್ನ ಮದುವೆಗೆ ಹೊರಗಿನಿಂದ ಭಟ್ಟರನ್ನು ಕರೆಸಿ, ಅವ್ವನನ್ನು ಪಾಕಶಾಲೆಯ ಹತ್ತಿರ ಸುಳಿಯಗೊಡುವುದಿಲ್ಲ ಎಂದು ನಾನೇ ಬೀಗರಿಗೆ ಮಾತು ಕೊಡಬೇಕಾಯಿತು. ಶಾಮಿಯಾನದ ಜೊತೆಗೆ ಊಟದ ಕಂಟ್ರಾಕ್ಟೂ ಹಿಡಿಯೋಣ ಎಂದರೆ ಮಜ್ಜಿಗೆಯವಳ ಮಗನಿಗೆ ಯಾರು ಕೊಡುತ್ತಾರೆ? ಇಷ್ಟಾದರೂ ಧರಣೇಂದ್ರಯ್ಯನವರು ಅವಳಿಗೆ ಮನೆ ಕಟ್ಟಿಸಿಕೊಡುತ್ತೇನೆಂದರು, ಆಸ್ಪತ್ರೆಯಲ್ಲಿ ಕೆಲಸ ಕೊಡುತ್ತೇನೆಂದರು. ಅವಳು ಒಂದನ್ನೂ ಮುಟ್ಟಲಿಲ್ಲ. ಹೀಗಾಗಿ ಊರಿಗೆ ಊರೇ ಆ ದಂಪತಿಯ ಕಡೆ ನೆರಳು ಚಾಚಿರುವಾಗ, ಇವಳ ನೆರಳು ಬೆಳಿಗ್ಗೆ ಪಡುವಣಕ್ಕೆ, ಸಂಜೆ ಮೂಡಣಕ್ಕೆ, ಸೂರ್ಯ ಹೇಳಿದ ಹಾಗೆ. ಕೃತಘ್ನಿ ಎಂದರು. ಕೊಂದವಳನ್ನು ಕ್ಷಮಿಸಿದವರಿಗೆ ನೆರಳನ್ನೂ ಕೊಡದವಳು ಎಂದರು. ಚಿಕ್ಕಂದಿನಲ್ಲಿ ನಾನು ಅತ್ತುಕೊಂಡು ಕೇಳಿದರೆ, "ಬಿಸಿಲು ಬಿದ್ದ ಕಡೆಗೆ ಬೀಳ್ತದೆ ಕಣೋ. ಅದರಲ್ಲೇನು ತಪ್ಪು?" ಎಂದು ಎಲೆಗೆ ಕಡ್ಡಿ ಚುಚ್ಚುತ್ತಿದ್ದಳು.

ಈಗ ರುದ್ರಮುನಿಯವರು ದಂಪತಿಯನ್ನು ಒಂದು ಮಾತೂ ಕೇಳದೆ ಮೊದಲೇ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿಬಿಟ್ಟಿದ್ದರು. ಬೇಡ ಎನ್ನಲು ಜಾಗವೇ ಉಳಿದಿರಲಿಲ್ಲ. ಮೂರನೆಯ ದಿನ ಧರಣೇಂದ್ರಯ್ಯನವರ ಮನೆಯಿಂದ ನನಗೆ ಕರೆ ಬಂತು. ಹಿತ್ತಿಲ ಜಗಲಿಯಲ್ಲಿ ಇಬ್ಬರೂ ಕೂತಿದ್ದರು. ಯಜಮಾನರು, "ರಂಗಧಾಮ, ಜನರ ಮೇಲೆ ಬೇಡ, ವೇದಿಕೆ ಮೇಲಾದರೂ ಒಂದು ದಪ್ಪ ಬಟ್ಟೆ ಕಟ್ಟಪ್ಪ. ನಮಗೆ ವಯಸ್ಸಾಯಿತು, ಬಿಸಿಲು ತಡೆಯಲ್ಲ. ಅಧ್ಯಕ್ಷರಿಗೆ ನಾನೇ ಹೇಳ್ತೀನಿ," ಎಂದರು. ನನಗೆ ಖುಷಿಯಾಯಿತು. ಕೈಗಾಡಿಯಲ್ಲಿ ತಂದಿದ್ದ ಮೂರು ಥರದ ಬಟ್ಟೆಯನ್ನು ಅಂಗಳದಲ್ಲಿ ಬಿಚ್ಚಿ ಹಾಸಿದೆ. ಚಂದ್ರಮತಿಯವರು ಎದ್ದು ಬಂದು ಒಂದೊಂದನ್ನೂ ಬೆರಳಲ್ಲಿ ಹಿಡಿದು ದಪ್ಪ ನೋಡತೊಡಗಿದರು. ಹತ್ತು ಗಂಟೆಯ ಬಿಸಿಲು. ಛತ್ರಿ ಜಗಲಿಯ ಮೇಲೇ ಉಳಿದಿತ್ತು.

ಬೊಂಬು ನೆಡುವವನ ಕಣ್ಣು ಮೊದಲು ಹೋಗುವುದೇ ನೆಲಕ್ಕೆ. ಅವರ ನೆರಳು ಪಡುವಣಕ್ಕೆ ಬೀಳಬೇಕಾದದ್ದು ಹಿತ್ತಿಲ ಗೋಡೆಯ ಕಡೆ, ತೆಂಕಣಕ್ಕೆ, ಹಗ್ಗ ಎಳೆದ ಹಾಗೆ ಬಿದ್ದಿತ್ತು. ಊರಿಗೆಲ್ಲ ಕೊಟ್ಟವರಿಗೆ ಯಾರು ಏನು ಕೊಟ್ಟಿರಬಹುದು? ನಾನು ಕಣ್ಣು ತಪ್ಪಿಸುವಷ್ಟರಲ್ಲಿ ಅವರು ನನ್ನನ್ನು ನೋಡಿಯಾಗಿತ್ತು. ಅವರು ಛತ್ರಿಗೆ ಕೈ ಚಾಚಲಿಲ್ಲ. ತಮ್ಮ ನೆರಳನ್ನೇ ನೋಡುತ್ತ ನಿಂತರು. ನಾವಿಬ್ಬರೂ ನೋಡುತ್ತಿದ್ದ ಹಾಗೆ ಅದು ಒಂದು ಬೆರಳಷ್ಟು ಜರುಗಿತು, ಆಮೇಲೆ ಇನ್ನೊಂದು ಬೆರಳಷ್ಟು.

"ಹೊರಟಳು," ಎಂದರು ಚಂದ್ರಮತಿಯವರು. "ಎಲೆ ಕಟ್ಟು ಹೊತ್ತುಕೊಂಡು ಪೇಟೆಗೆ ಹೊರಟಳು. ಇವತ್ತು ಸ್ವಲ್ಪ ತಡ."

"ಯಾರಮ್ಮಾ?" ಎಂದೆ.

"ಹೋದ ತಿಂಗಳು ನಾಲ್ಕು ದಿನ ಇದು ಅಲ್ಲಾಡಲೇ ಇಲ್ಲ. ಜ್ವರ ಇತ್ತೇನೋ ಅಂತ ನಾನು ಇಲ್ಲಿ ಒದ್ದಾಡಿದೆ. ಹೇಗಿದ್ದಾಳೆ ಅಂತ ಕೇಳಿ ಕಳಿಸೋಕೆ ನನಗೆ ಮುಖ ಇಲ್ಲ," ಎಂದು ನನ್ನ ಕಡೆ ತಿರುಗಿದರು. "ನಿಮ್ಮವ್ವ ನಿನಗೆ ಏನೂ ಹೇಳಿಲ್ಲವಾ?" ಹೋದ ತಿಂಗಳು ಅವ್ವ ನಿಜವಾಗಿ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದಳು. ಧರಣೇಂದ್ರಯ್ಯನವರು ಜಗಲಿಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ನಾನು ಬಟ್ಟೆಗಳನ್ನು ಹಾಸಿದ ಹಾಗೇ ಬಿಟ್ಟು ಹೊರಟುಬಂದೆ.

ಪೇಟೆಗೆ ಹೋದೆ, ಅವ್ವ ಸಿಗಲಿಲ್ಲ. ಅವಳ ಮನೆಗೆ ಹೋದೆ, ಇನ್ನೂ ಬಂದಿರಲಿಲ್ಲ. ಮತ್ತೆ ಪೇಟೆಗೆ, ಮತ್ತೆ ಮನೆಗೆ, ಹೀಗೆ ಊರನ್ನು ಎರಡು ಸಲ ತುಳಿದೆ. ನನ್ನ ನೆರಳು ಮಾತ್ರ ಏನೂ ಆಗಿಲ್ಲವೆಂಬಂತೆ ಆ ಮನೆಯ ಕಡೆಗೇ ಬಿದ್ದಿತ್ತು. ಅದನ್ನು ಕಂಡು ಮೈಯೆಲ್ಲ ಉರಿಯಿತು. ಕಡೆಗೆ ಮನೆ ಬಾಗಿಲಲ್ಲಿ ಅವ್ವ ಸಿಕ್ಕಳು. ನಿಂತ ಕಾಲಲ್ಲೇ ಕೇಳಿದೆ. ಮೊದಲು ನನಗೇನೂ ಗೊತ್ತಿಲ್ಲ ಎಂದಳು. ಚಂದ್ರಮತಿಯವರ ನೆರಳು ಕಂಡೆ ಎಂದಾಗ ಎಲೆ ಕಟ್ಟು ಇಳಿಸಿ ಹೊಸಿಲ ಮೇಲೆ ಕೂತಳು.

"ಗಂಜಿಗೆ ದಿನಾ ನೂರು ಜನ ಬರ್ತಿದ್ದರು. ಅವತ್ತು ನಾನೂರು ಬರ್ತಾರೆ ಅಂತ ಗೊತ್ತಾಯ್ತು. ಇದ್ದ ಪಾತ್ರೆ ಸಾಲದು. ಚಂದ್ರಮ್ಮ ಅಂಗಡಿಯಿಂದ ಎರಡು ಹೊಸ ಕೊಪ್ಪರಿಗೆ ಹೊರಿಸಿಕೊಂಡು ಬಂದರು. ಕಲಾಯಿ ಆಗಿಲ್ಲ ಅಮ್ಮ, ಹುಳಿ ಹಾಕಬಾರದು ಅಂದೆ. ಕಲಾಯಿಯವನು ನಾಳಿದ್ದು ಬರ್ತಾನಂತೆ, ಒಂದು ದಿನಕ್ಕೆ ಏನಾಗುತ್ತೆ ಹನುಮಕ್ಕ, ಹಸಿದವರು ಕಾಯ್ತಾರಾ, ಹಾಕು ಅಂದರು. ಯಜಮಾನರೂ ಅಲ್ಲೇ ಇದ್ದರು. ಪಾತ್ರೆ ವ್ಯಾಪಾರದವರು, ಅವರಿಗೆ ಗೊತ್ತಿರಲ್ವಾ ಅಂತ ನಾನೂ ಹಾಕಿದೆ."

"ಮತ್ತೆ ನೀನು ಯಾಕೆ ನಾನೇ ಅಂತ ಒಪ್ಪಿಕೊಂಡೆ?"

"ಹಾಕಿದ ಕೈ ನಂದೇ ಅಲ್ವೇನೋ? ಗೊತ್ತಿದ್ದೂ ಹಾಕಿದೆ." ಎಲೆ ಕಟ್ಟಿನ ಹುರಿ ಬಿಗಿ ಮಾಡಿದಳು. "ಜನ ಕಲ್ಲು ಹಿಡಿದು ನಿಂತಿದ್ದರು. ಚಂದ್ರಮ್ಮ ಇಪ್ಪತ್ತೆರಡು ವರ್ಷದ ಹುಡುಗಿ, ಗಡಗಡ ನಡುಗ್ತಾ ಇತ್ತು. ಅವರ ಕೈ ಮುರಿದಿದ್ರೆ ಮಾರನೆ ದಿನ ನಾನೂರು ಎಲೆಗೆ ಬಡಿಸೋರು ಯಾರು? ನನ್ನ ಕೈ ಹೋದರೆ ಒಂದು ಕೈ. ಅಷ್ಟೇ ಲೆಕ್ಕ ಹಾಕಿದ್ದು."

"ಅವರು ಕೊಟ್ಟಿದ್ದನ್ನಾದರೂ ತಗೊಬಹುದಾಗಿತ್ತು."

"ತಗೊಂಡಿದ್ರೆ ಮಾರಿದಂಗಾಗ್ತಿತ್ತು," ಎಂದಳು.

ನನಗೆ ಕೂಗಾಡಬೇಕೆನಿಸಿತು, ಕೂಗಾಡಿದೆ. ಐವತ್ತೆರಡು ವರ್ಷ ನನ್ನನ್ನು ಮಜ್ಜಿಗೆಯವಳ ಮಗ ಎಂದು ಕರೆಸಿದೆಯಲ್ಲ, ನನ್ನನ್ನು ಒಂದು ಮಾತು ಕೇಳಿದೆಯಾ ಎಂದೆ. "ಮೂರು ವರ್ಷದ ಕೂಸನ್ನ ಏನು ಕೇಳೋದು," ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಬಾಯಿ ಬಿಡಬೇಡ ರಂಗ. ಅವರ ಹೆಸರು ಹಾಳಾದ್ರೆ ಆಸ್ಪತ್ರೆಗೆ ಬರೋ ಬಸುರಿಯರು ಬರೋದು ನಿಲ್ಲಿಸ್ತಾರೆ. ಈ ಊರು ಹಂಗೇ. ನನ್ನ ಕೈ ಊಟ ಬಿಟ್ಟ ಊರಲ್ವಾ ಇದು," ಎಂದಳು. ನಾನು ಕೈ ಬಿಡಿಸಿಕೊಂಡು ಹೊರಟುಬಂದೆ.

ಮುಂದಿನ ಎಂಟು ದಿನ ನಾನು ಒಂದು ಕಡೆ ಕೂತವನಲ್ಲ. ಉಣ್ಣಲು ಕೂತರೆ ಎದ್ದು ಹೋಗುತ್ತಿದ್ದೆ. ನೆಟ್ಟ ಬೊಂಬನ್ನು ಕಿತ್ತು ಮತ್ತೆ ನೆಡಿಸುತ್ತಿದ್ದೆ. ಕೂಲಿಯವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಒಂದು ಗಳಿಗೆ ಆ ದಂಪತಿಯ ಮೇಲೆ ಸಿಟ್ಟು ಬರುತ್ತಿತ್ತು. ಮರುಗಳಿಗೆ ಟ್ಯಾಂಕಿನ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದೆ, ನನ್ನ ಮಗಳು ಹುಟ್ಟಿದ ಆಸ್ಪತ್ರೆಯ ಮುಂದೆ ಹಾದುಹೋಗುತ್ತಿದ್ದೆ, ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯುತ್ತಿರಲಿಲ್ಲ. ಅವ್ವನ ಮೇಲೂ ಸಿಟ್ಟೇ. ನನಗೆ ಬೇಕಾಗಿದ್ದದ್ದು ಒಂದೇ: ಅವ್ವ ಸಾಯುವ ಮೊದಲು ಯಾರಾದರೂ ಅವಳ ಕೈಯಲ್ಲಿ ಒಂದು ಲೋಟ ನೀರು ಇಸಿದುಕೊಂಡು ಕುಡಿಯಬೇಕು. ಅವಳಿಗೆ ಎಪ್ಪತ್ತೊಂಬತ್ತು.

ವೇದಿಕೆಯ ಮೇಲೆ ಮಾತ್ರ ಬಟ್ಟೆ ಕಟ್ಟಲು ಅಧ್ಯಕ್ಷರು ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. ನಮ್ಮ ಕಸುಬಿನಲ್ಲಿ ಜೋರು ಗಾಳಿಯ ಭಯವಿದ್ದರೆ ಬಟ್ಟೆಯ ನಾಲ್ಕೂ ಹಗ್ಗವನ್ನು ಒಂದೇ ಹಗ್ಗಕ್ಕೆ ತಂದು ಜಾರುಗಂಟು ಹಾಕುತ್ತೇವೆ. ಒಂದು ಜಗ್ಗು ಜಗ್ಗಿದರೆ ಇಡೀ ಬಟ್ಟೆ ಹಿಂದಕ್ಕೆ ಜಾರಿ ಬೀಳುತ್ತದೆ, ಬೊಂಬಿಗೆ ಏನೂ ಆಗುವುದಿಲ್ಲ. ನಾನು ಅವತ್ತು ಜಾರುಗಂಟು ಹಾಕಿದೆ. ಗಾಳಿಗೆ ಎಂದು ಕೂಲಿಯವರಿಗೆ ಹೇಳಿದೆ. ಅವತ್ತು ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ನಾಲ್ಕೂವರೆಗೆ ಮೈದಾನ ತುಂಬಿತು. ಅಧ್ಯಕ್ಷರು ಹೇಳಿದ್ದು ಸುಳ್ಳಲ್ಲ, ಆ ನೋಟ ದೊಡ್ಡದಾಗಿತ್ತು. ಸೂರ್ಯ ಪಡುವಣದಲ್ಲಿ, ವೇದಿಕೆಯೂ ಪಡುವಣದಲ್ಲಿ. ಆದರೂ ಊರಿನ ನೆರಳೆಲ್ಲ ಬೆಳಕಿಗೆ ಎದುರಾಗಿ, ವೇದಿಕೆಯ ಕಡೆಗೇ ಉದ್ದಕ್ಕೆ ಬಿದ್ದಿತ್ತು. ಮುಂದಿನ ಸಾಲಿನವರ ಬೆನ್ನ ಮೇಲೆ ಹಿಂದಿನವರ ತಲೆಗಳು, ಅವುಗಳ ಮೇಲೆ ಇನ್ನೂ ಹಿಂದಿನವರವು. ಬಟ್ಟೆಯ ಕೆಳಗೆ, ಮಬ್ಬಿನಲ್ಲಿ, ಧರಣೇಂದ್ರಯ್ಯ ಚಂದ್ರಮತಿ ಎರಡು ಕುರ್ಚಿಗಳಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವ್ವನೂ ಬಂದಿದ್ದಳು. ಬರಬೇಡ ಎಂದಿದ್ದೆ. ಎಲ್ಲಕ್ಕಿಂತ ಹಿಂದೆ, ಗೇಟಿನ ಹತ್ತಿರ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಚೀಲದಲ್ಲಿ ಎಂದಿನಂತೆ ಅವಳದೇ ನೀರಿನ ಚೊಂಬು, ಲೋಟ. ಸುತ್ತ ಎರಡು ಮಾರು ಜಾಗ ಖಾಲಿ. ಅಷ್ಟು ದೊಡ್ಡ ಮೈದಾನದಲ್ಲಿ ಅವಳೊಬ್ಬಳ ನೆರಳು ಮೂಡಣಕ್ಕೆ ಬಿದ್ದಿತ್ತು.

ರುದ್ರಮುನಿಯವರು ಮಾತಾಡಲು ಎದ್ದರು. ಆಸ್ಪತ್ರೆಯಿಂದ ಹಿಡಿದು ಸ್ಮಶಾನದ ಸೂರಿನವರೆಗೆ ಒಂದೂ ಬಿಡಲಿಲ್ಲ. ಚಪ್ಪಾಳೆ ಬಿದ್ದ ಹಾಗೆಲ್ಲ ಉತ್ಸಾಹ ಏರಿತು. ಏರಿದವರು ಸುಮ್ಮನೆ ಇಳಿಯಬಾರದೇ? "ನೋಡಿ ಈ ನೆರಳಿನ ಸಮುದ್ರ! ಒಂದೇ ಒಂದು ನೆರಳು ಮಾತ್ರ ಬೆನ್ನು ತಿರುಗಿಸಿಕೊಂಡಿದೆ. ಯಾರದು ಅಂತ ನಾನು ಹೇಳಬೇಕಾಗಿಲ್ಲ. ಒಂದು ಹಸುಳೆಯ ಪ್ರಾಣ ತೆಗೆದರೂ ಕಾಪಾಡಿದ ಪುಣ್ಯಾತ್ಮರಿಗೆ ಇಷ್ಟಾದರೂ ಕೃತಜ್ಞತೆ ಬೇಡವೇ? ಇರಲಿ, ನಮ್ಮ ದಂಪತಿ ಅದನ್ನೂ ಕ್ಷಮಿಸಿದ್ದಾರೆ," ಎಂದರು. ಮೈದಾನಕ್ಕೆ ಮೈದಾನವೇ ಹಿಂದೆ ತಿರುಗಿ ಅವ್ವನನ್ನು ನೋಡಿತು. ಯಾರೋ ನಕ್ಕರು.

ವೇದಿಕೆಯ ಪಕ್ಕ ನಿಂತಿದ್ದ ನನ್ನ ಕೈ ಆಗಲೇ ಹಗ್ಗದ ಮೇಲಿತ್ತು. ಜಗ್ಗಬೇಕು, ಅಷ್ಟೇ. ಅಷ್ಟು ಜನರ ತಲೆಗಳ ಆಚೆಯಿಂದ ಅವ್ವ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ತಲೆಯನ್ನು ಒಂದೇ ಸಲ ಈ ಕಡೆಯಿಂದ ಆ ಕಡೆಗೆ ಆಡಿಸಿದಳು. ಬೇಡ. ಹಗ್ಗ ಬಿಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡೆ. ತಲೆ ಎತ್ತಿದರೆ ಧರಣೇಂದ್ರಯ್ಯನವರು ನನ್ನ ಕೈಯನ್ನು, ಹಗ್ಗವನ್ನು ನೋಡುತ್ತಿದ್ದರು. ಅವರು ಹೆಂಡತಿಯ ಕಡೆ ಬಾಗಿ ಏನೋ ಹೇಳಿದರು. ಚಂದ್ರಮತಿಯವರು ಎದ್ದು ನಿಂತರು. ಅಧ್ಯಕ್ಷರು ಶಾಲು ಹೊದಿಸುವ ಹೊತ್ತಾಯಿತೆಂದುಕೊಂಡು ಶಾಲು ಬಿಚ್ಚಿದರು. ಚಂದ್ರಮತಿಯವರು ಶಾಲನ್ನು ದಾಟಿ ಮೈಕಿಗೆ ಬಂದರು.

"ರಂಗಧಾಮ, ಆ ಬಟ್ಟೆ ತೆಗಿಯಪ್ಪ," ಎಂದರು.

ಕೈ ಮೇಲೇಳಲಿಲ್ಲ. ಐದು ನಿಮಿಷದ ಹಿಂದೆ ಸಿಟ್ಟಿನಲ್ಲಿ ಜಗ್ಗುವವನಿದ್ದೆ. ಈಗ ಅವರೇ ಬಾಯಿಬಿಟ್ಟು ಕೇಳುತ್ತಿರುವಾಗ, ಅಷ್ಟು ಮುದಿ ಮುಖವನ್ನು ನೋಡಿಕೊಂಡು, ಆಗಲಿಲ್ಲ. "ಅಮ್ಮಾ, ಬೇಡಿ. ಅವ್ವನೂ ಬೇಡ ಅಂತಿದ್ದಾಳೆ," ಎಂದೆ.

"ಅವಳು ಯಾವತ್ತೂ ಬೇಡ ಅಂತಲೇ ಅಂದಿರೋದು. ಅದನ್ನೇ ನಂಬಿಕೊಂಡು ಬದುಕಿಬಿಟ್ಟೆವು. ಜಗ್ಗಪ್ಪ, ನಮ್ಮ ಕೈಗೆ ಅಷ್ಟು ಬಲ ಇಲ್ಲ," ಎಂದರು. ಇದೆಲ್ಲ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ನಾನು ಜಗ್ಗಿದೆ.

ಬಟ್ಟೆ ಜಾರಿ ಹಿಂದಕ್ಕೆ ಬಿತ್ತು. ಸಂಜೆಯ ಬಿಸಿಲು ವೇದಿಕೆಯ ಮೇಲೆ ಸುರಿಯಿತು. ಇಬ್ಬರ ನೆರಳೂ ಜಮಖಾನದ ಮೇಲೆ ಒಂದರ ಪಕ್ಕ ಒಂದು ಬಿದ್ದವು, ವೇದಿಕೆಯ ಅಂಚು ದಾಟಿದವು, ಜನರ ಕಡೆಗೆ ಇಳಿದವು. ಮೊದಲಿಗೆ ಯಾರಿಗೂ ಏನೂ ಅನ್ನಿಸಲಿಲ್ಲ, ಸೂರ್ಯ ಹಿಂದಿದ್ದಾನೆ, ನೆರಳು ಮುಂದೆ ಬಿದ್ದಿದೆ ಅಂದುಕೊಂಡರು. ಆದರೆ ಅವು ನೇರ ಇರಲಿಲ್ಲ. ಎರಡೂ ಗೇಟಿನ ಕಡೆಗೆ ಓರೆಯಾಗಿದ್ದವು. ಮುಂದಿನ ಸಾಲಿನವರು ಆ ಗೆರೆಯನ್ನು ಹಿಡಿದು ತಿರುಗಿದರು, ಅವರನ್ನು ನೋಡಿ ಅವರ ಹಿಂದಿನವರು. ಗೆರೆ ಹೋಗಿ ಮುಟ್ಟಿದ್ದು ಖಾಲಿ ಜಾಗದ ನಡುವೆ ಚೀಲ ಹಿಡಿದು ಕೂತಿದ್ದ ಹೆಂಗಸನ್ನು.

"ಆ ಕೊಪ್ಪರಿಗೆ ನಮ್ಮ ಅಂಗಡಿಯದು," ಎಂದರು ಚಂದ್ರಮತಿ. "ಕಲಾಯಿ ಇಲ್ಲ, ಹಾಕಬೇಡಿ ಅಂತ ಹನುಮಕ್ಕ ಹೇಳಿದಳು. ಒಂದು ದಿನಕ್ಕೆ ಏನಾಗುತ್ತೆ, ಹಾಕು ಅಂತ ನಾನು ಹೇಳಿದೆ. ಇವರೂ ಪಕ್ಕದಲ್ಲೇ ಇದ್ದು ಸುಮ್ಮನಿದ್ದರು. ನಿಂಗಿ ಹೋದದ್ದು ನನ್ನ ಮಾತಿನಿಂದ. ತಪ್ಪು ತನ್ನದು ಅಂತ ಅವಳು ಅಂದಾಗ ನಾವು ಬಾಯಿ ಬಿಡಲಿಲ್ಲ. ಆಮೇಲೆ ಹೇಳೋಣ ಹೇಳೋಣ ಅಂತ ಒಂದೊಂದು ಕಟ್ಟಡ ಕಟ್ಟಿದೆವು." ಮೈಕು ಬಿಟ್ಟು ಗಂಡನ ಪಕ್ಕ ಹೋಗಿ ನಿಂತರು.

ಎರಡನೆಯ ಸಾಲಿನಿಂದ ನೇಕಾರರ ಕೇರಿಯ ಚೌಡಪ್ಪ ಎದ್ದ. ನಿಂಗಿಯ ಅಣ್ಣ, ಈಗ ಅವನೇ ಮುದುಕ. ಅವನ ಮಕ್ಕಳು ಓದಿದ್ದೆಲ್ಲ ಧರಣೇಂದ್ರಯ್ಯನವರ ದುಡ್ಡಿನಲ್ಲೇ. ಅವನ ಕಾಲ ಕೆಳಗಿನ ನೆರಳು ವೇದಿಕೆಯಿಂದ ಕದಲಿತು, ನಿಧಾನವಾಗಿ ಸುತ್ತು ಬಂದು ಸೂರ್ಯ ಹೇಳಿದ ಕಡೆ ನಿಂತಿತು. ಅವನು ಗೇಟಿನ ಕಡೆ ಹೊರಟ. ಅವನ ಹಿಂದೆ ಇನ್ನೂ ಹಲವರು ಎದ್ದರು. ಕೆಲವರ ನೆರಳು ತಿರುಗಿತು, ಕೆಲವರದು ತಿರುಗಲು ನೋಡಿ ಮತ್ತೆ ವೇದಿಕೆಗೇ ಬಂತು. ಚೌಡಪ್ಪ ಗೇಟಿನ ಹತ್ತಿರ ಅವ್ವನ ಮುಂದೆ ನಿಂತ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈ ಬೊಗಸೆ ಮಾಡಿ ಚಾಚಿದ. ಅವ್ವ ತಡಬಡಿಸಿ ಚೀಲದಿಂದ ಚೊಂಬು ತೆಗೆದು ನೀರು ಹೊಯ್ದಳು. ಅರ್ಧ ನೀರು ನೆಲಕ್ಕೆ ಹೋಯಿತು. ಉಳಿದದ್ದನ್ನು ಅವನು ಕುಡಿದು, ಮೀಸೆ ಒರೆಸಿಕೊಂಡು ಎದ್ದುಹೋದ. ನಾನು ಬೊಂಬು ಹಿಡಿದುಕೊಂಡು ಅತ್ತೆ.

ಅವ್ವ ಮಾತ್ರ ಅಳಲಿಲ್ಲ. ಚೊಂಬನ್ನು ಚೀಲಕ್ಕೆ ತುರುಕಿ, ಸೆರಗು ಕೊಡವಿ, ವೇದಿಕೆಯ ಕಡೆ ಒಂದು ಸಲ ಉರಿಗಣ್ಣಿನಿಂದ ನೋಡಿ ಗೇಟು ದಾಟಿ ನಡೆದಳು. ಅವಳು ಕಾಂಪೌಂಡಿನ ಆಚೆ ಬೀದಿಯುದ್ದ ಹೋದ ಹಾಗೆ ವೇದಿಕೆಯ ಮೇಲಿನ ಎರಡು ನೆರಳೂ ಅವಳ ಜೊತೆಗೇ ತಿರುಗಿದವು. ಉಳಿದವರೆಲ್ಲ ಎದ್ದು ಹೋಗುವವರೆಗೂ ಗಂಡ ಹೆಂಡತಿ ಬಿಸಿಲಲ್ಲೇ ನಿಂತಿದ್ದರು. ಅಧ್ಯಕ್ಷರ ಕೈಯಲ್ಲಿ ಶಾಲು ಹಾಗೇ ಉಳಿದಿತ್ತು.

ಮಾರನೆಯ ದಿನ ಪಾತ್ರೆ ಅಂಗಡಿ ಎಂದಿನ ಹೊತ್ತಿಗೇ ತೆರೆಯಿತು. ಇಬ್ಬರೂ ಛತ್ರಿ ಇಲ್ಲದೆ ಬಂದರಂತೆ. ಯಾರೋ ಅಂಗಡಿಯ ಬಾಗಿಲಿಗೆ ಸಗಣಿ ಎರಚಿದ್ದರು, ಇನ್ಯಾರೋ ಬೆಳಿಗ್ಗೆ ಬೇಗ ಬಂದು ತೊಳೆದಿದ್ದರು. ಆಸ್ಪತ್ರೆಯಲ್ಲಿ ಅವತ್ತು ಎರಡೇ ಹೆರಿಗೆ. ಯಾವಾಗಲೂ ನಾಲ್ಕೈದು ಆಗುತ್ತಿದ್ದವು. ಅವ್ವ ಹೇಳಿದ್ದು ನಿಜವಾಗುತ್ತದೋ ಎಂದು ನನಗೆ ಭಯ. ಊರಿನ ನೆರಳುಗಳಿಗೆ ಒಂದು ನೆಲೆ ಇರಲಿಲ್ಲ. ಮೂರು ದಾರಿ ಕೂಡುವಲ್ಲಿ ನಿಂತವರೆಲ್ಲ ಗಳಿಗೆಗೊಮ್ಮೆ ತಮ್ಮ ಕಾಲ ಬುಡ ನೋಡಿಕೊಳ್ಳುತ್ತಿದ್ದರು. ನನ್ನದೂ ಅಷ್ಟೇ. ಅಂಗಡಿಯ ಮುಂದೆ ಹೋದರೆ ಆ ಕಡೆ, ನಮ್ಮ ಬೀದಿಗೆ ಬಂದರೆ ಈ ಕಡೆ.

ಹತ್ತು ಗಂಟೆಗೆ ಅವ್ವನ ಮನೆಗೆ ಹೋದೆ. ಅವಳು ಎಲೆ ಕಟ್ಟು ಹೊತ್ತುಕೊಂಡು ಪೇಟೆಗೆ ಹೊರಟಿರಬೇಕಾದ ಹೊತ್ತು. ಆದರೆ ಅಂಗಳದ ನಡುವೆ, ಕಟ್ಟನ್ನು ಪಕ್ಕಕ್ಕಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತು ನೆಲ ನೋಡುತ್ತಿದ್ದಳು. ಐವತ್ತೆರಡು ವರ್ಷ ಸೂರ್ಯನ ಮಾತು ಮೀರದ ಅವಳ ನೆರಳು ಪಡುವಣಕ್ಕೆ ಬಿದ್ದಿರಲಿಲ್ಲ. ಬಡಗಣಕ್ಕೆ, ಹತ್ತಿ ಮಿಲ್ಲಿನ ಚಿಮಣಿಯನ್ನೂ ನೀರಿನ ಟ್ಯಾಂಕನ್ನೂ ದಾಟಿ ಪಾತ್ರೆ ಅಂಗಡಿ ಇರುವ ಕಡೆಗೆ, ಒಂದಿಷ್ಟೂ ಓರೆಯಿಲ್ಲದೆ ಬಿದ್ದಿತ್ತು. ಅವಳು ಎರಡು ಹೆಜ್ಜೆ ಸರಿದಳು. ಅದೂ ಸರಿಯಿತು, ದಿಕ್ಕು ಬಿಡಲಿಲ್ಲ.

"ಏನೂ ತಗೊಂಡಿರಲಿಲ್ಲ ಕಣೋ ನಾನು," ಎಂದಳು. ದನಿಯಲ್ಲಿ ಸಿಟ್ಟಿತ್ತು, ಆದರೆ ಕಣ್ಣು ತುಂಬಿತ್ತು. "ಇಷ್ಟು ವರ್ಷ ಒಂದು ಹುಲ್ಲುಕಡ್ಡಿ ತಗೊಂಡಿರಲಿಲ್ಲ. ನನ್ನ ಕೇಳದೆ ಕೊಟ್ಟುಬಿಟ್ಟರಲ್ಲೋ."

ಅವಳು ಬೀದಿಯ ಆ ತುದಿ ಈ ತುದಿ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಹೋಗು, ಒಂದು ದಪ್ಪ ಬಟ್ಟೆ ತಂದು ಈ ಅಂಗಳದ ಮೇಲೆ ಕಟ್ಟಿಕೊಡು. ಊರೆಲ್ಲ ನೋಡೋದಕ್ಕೆ ಮೊದಲು," ಎಂದಳು.

"ಈಗಲೇ ತರ್ತೀನಿ ಅವ್ವ," ಎಂದು ಹೊರಟೆ. ನನ್ನ ಗೋದಾಮು ಪಕ್ಕದ ಬೀದಿಯಲ್ಲೇ ಇದೆ. ನಾನು ಪೇಟೆ ಸುತ್ತಿಕೊಂಡು, ಕಂಡವರನ್ನೆಲ್ಲ ನಿಲ್ಲಿಸಿ ಮಾತಾಡಿಸಿಕೊಂಡು, ಎರಡು ಕಡೆ ಟೀ ಕುಡಿದು, ಬಿಸಿಲು ಇಳಿದ ಮೇಲೆ ಬಟ್ಟೆ ತಂದೆ.